ಸ್ಪೀಕರ್ ಬದಲಿಸುವ ಮೊದಲು ನಡುಮನೆಯನ್ನು ನೋಡಬೇಕು

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಹಬ್ಬದ ಪುರವಣಿಯ ಗೃಹೋಪಯೋಗಿ ವಸ್ತುಗಳ ಪುಟದಲ್ಲಿ ಓದುಗರೊಬ್ಬರು, ಮನೆಯಲ್ಲಿರುವ ಹಳೆಯ ಸ್ಟೀರಿಯೊ ಸ್ಪೀಕರ್‌ಗಳನ್ನು ಉಳಿಸಿಕೊಳ್ಳಬೇಕೋ, ಕೊಟ್ಟು ಹೊಸದನ್ನು ಕೊಳ್ಳಬೇಕೋ ಎಂದು ಕೇಳಿದ್ದರು. ಹತ್ತು ವರ್ಷ ದಾಟಿದ ಸ್ಪೀಕರ್ ಯಾವುದೇ ಆಗಿರಲಿ ಬದಲಿಸುವುದೇ ಲೇಸು, ವ್ಯಾಟ್ ಹೆಚ್ಚಿದ್ದಷ್ಟೂ ಧ್ವನಿ ಚೆನ್ನಾಗಿರುತ್ತದೆ ಎಂಬರ್ಥದ ಎರಡು ಸಾಲಿನ ಉತ್ತರ ಅದರ ಕೆಳಗಿತ್ತು. ಅದೇ ಪುಟದ ಬಲಭಾಗದಲ್ಲಿ ಸಾವಿರಾರು ವ್ಯಾಟ್‌ನ ಸ್ಪೀಕರ್ ಸೆಟ್ಟೊಂದರ ಜಾಹೀರಾತೂ ಇತ್ತು. ಎರಡೂ ಅಕ್ಕಪಕ್ಕ ಬಂದದ್ದು ಆಕಸ್ಮಿಕವೆಂದೇ ಭಾವಿಸುತ್ತೇನೆ. ಆದರೆ ಉತ್ತರದ ಎರಡು ಮಾತುಗಳೂ ಓದುಗರನ್ನು ತಪ್ಪು ದಾರಿಗೆ ಎಳೆಯುವಂಥವು. ಹಾಸನದ ಕಾಲೇಜೊಂದರಲ್ಲಿ ಬಹುಕಾಲ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು ನಾನು. ಅದೇ ಪ್ರಶ್ನೆ ಈಗ ನನ್ನ ಮನೆಯಲ್ಲೂ ಎದ್ದಿರುವುದರಿಂದ ತುಸು ವಿವರವಾಗಿ ಬರೆಯಲು ಅನುಮತಿ ಕೋರುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಹಾಡು ಚೆನ್ನಾಗಿ ಕೇಳಿಸದಿರುವುದಕ್ಕೆ ಮುಖ್ಯ ಕಾರಣ ಸ್ಪೀಕರ್ ಇಟ್ಟ ಜಾಗ ಮತ್ತು ಅದು ಇರುವ ಕೋಣೆ. ಅವೆರಡನ್ನೂ ಸರಿಪಡಿಸಿದ ಮೇಲೆ ಉಳಿಯುವ ದೋಷ ಇಂಥದ್ದೇ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾದರೆ ಮಾತ್ರ ಹೊಸ ಸ್ಪೀಕರಿಗೆ ಹಣ ಹಾಕಬೇಕು.

ಮೊದಲು ವಯಸ್ಸಿನ ಮಾತು. ಇಂದು ನಾವು ಕೊಳ್ಳುವ ಸ್ಪೀಕರಿನ ಮೂಲ ವಿನ್ಯಾಸವನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು 1925ರಲ್ಲಿಯೇ ಪ್ರಕಟಿಸಿದ್ದರು. ಒಂದು ಅಯಸ್ಕಾಂತ, ಅದರ ಸಂದಿನಲ್ಲಿ ಹಿಂದೆಮುಂದೆ ಚಲಿಸುವ ತಂತಿಯ ಸುರುಳಿ, ಆ ಸುರುಳಿಗೆ ಅಂಟಿಸಿದ ಕೋನ್; ನೂರು ವರ್ಷಗಳ ನಂತರವೂ ಒಳಗಿರುವುದು ಇಷ್ಟೇ. ಕೋನಿಗೆ ಬಳಸುವ ವಸ್ತು, ಪೆಟ್ಟಿಗೆಯ ಗಾತ್ರವನ್ನು ಲೆಕ್ಕ ಹಾಕುವ ಕ್ರಮ, ತಯಾರಿಕೆಯ ಶಿಸ್ತು ಇವೆಲ್ಲ ಖಂಡಿತ ಸುಧಾರಿಸಿವೆ. ಆದರೂ ಕ್ಯಾಲೆಂಡರಿನ ಹಾಳೆ ತಿರುವಿದ ಮಾತ್ರಕ್ಕೆ ಸ್ಪೀಕರ್ ಕೆಟ್ಟುಹೋಗುವುದಿಲ್ಲ. ಅಯಸ್ಕಾಂತವನ್ನು ಬೀಳಿಸದೆ, ಕಾಯಿಸದೆ ಇಟ್ಟುಕೊಂಡರೆ ಅದು ನಮಗಿಂತ ಹೆಚ್ಚು ಕಾಲ ಬಾಳುತ್ತದೆ.

ಕೆಡುವ ಭಾಗಗಳು ಬೇರೆ ಇವೆ, ಅವು ಕೆಡುವುದಕ್ಕೆ ನಮ್ಮ ಹವೆಯೂ ಒಂದು ಕಾರಣ. ಮಂದ್ರ, ಎಂದರೆ ತಗ್ಗಿನ ಸ್ವರಗಳನ್ನು ನುಡಿಸುವ ವೂಫರಿನ ಕೋನನ್ನು ಅದರ ಕಬ್ಬಿಣದ ಚೌಕಟ್ಟಿಗೆ ಸೇರಿಸುವ ಮೆತ್ತನೆಯ ಬಳೆಯೊಂದಿರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಸರೌಂಡ್ ಎನ್ನುತ್ತಾರೆ. ಅದು ರಬ್ಬರಿನದೋ ಬಟ್ಟೆಯದೋ ಆಗಿದ್ದರೆ ಹಲವು ದಶಕ ತಾಳುತ್ತದೆ. ಫೋಮಿನದಾಗಿದ್ದರೆ ಗಾಳಿಯಲ್ಲಿನ ತೇವಾಂಶ ಆ ಪಾಲಿಯುರಿಥೇನಿನ ಅಣುಸರಪಳಿಯನ್ನು ನಿಧಾನವಾಗಿ ಕಡಿಯುತ್ತ ಹೋಗುತ್ತದೆ. ಸಕಲೇಶಪುರ, ಮೂಡಿಗೆರೆಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದೇ ಕಷ್ಟ, ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಮನೆಗಳಲ್ಲಿ ಈ ಫೋಮು ಅರಸೀಕೆರೆಯ ಒಣಹವೆಗಿಂತ ಬೇಗ ಜಿಗುಟಾಗಿ, ಕೊನೆಗೆ ಪುಡಿಪುಡಿಯಾಗಿ ಉದುರುತ್ತದೆ. ಆಗ ಕೋನ್ ಹಿಡಿತ ತಪ್ಪಿ, ಮಂದ್ರದ ಸ್ವರ ಬಂದಾಗಲೆಲ್ಲ ಕರಕರ ಎನ್ನುತ್ತದೆ. ಮುಂದಿನ ಜಾಲರಿಬಟ್ಟೆಯನ್ನು ತೆಗೆದು ಬಳೆಯನ್ನು ಬೆರಳ ತುದಿಯಿಂದ ಹಗುರಾಗಿ ಮುಟ್ಟಿ ನೋಡಿದರೆ ಇದು ತಿಳಿದುಹೋಗುತ್ತದೆ. ಕೋನಿನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ ಮೆಲ್ಲಗೆ ಒತ್ತಿದಾಗ ಸದ್ದಿಲ್ಲದೆ ಒಳಹೋಗಿ ಹೊರಬರಬೇಕು. ಒಳಗೆ ಕೆರೆಯುವ ಸದ್ದು ಕೇಳಿದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆ ಎಂದರ್ಥ. ಬಳೆಯಷ್ಟೇ ಹೋಗಿದ್ದರೆ ಅದೊಂದನ್ನೇ ಬದಲಿಸಬಹುದು. ಊರಿನ ಹಳೆಯ ರೇಡಿಯೊ ಮೆಕ್ಯಾನಿಕ್‌ಗಳಲ್ಲಿ ಈ ಕೆಲಸ ಬಲ್ಲವರು ಇನ್ನೂ ಇದ್ದಾರೆ, ಸರಿಯಾದ ಅಳತೆಯ ಬಳೆ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು. ಕ್ರಾಸ್‌ಓವರ್ ಎಂಬ, ತಗ್ಗಿನ ಮತ್ತು ಎತ್ತರದ ಸ್ವರಗಳನ್ನು ಬೇರ್ಪಡಿಸಿ ಹಂಚುವ ಒಳಗಿನ ಸಣ್ಣ ಸರ್ಕ್ಯೂಟಿನಲ್ಲಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳೂ ವರ್ಷ ಕಳೆದಂತೆ ಒಣಗಿ, ಎತ್ತರದ ಸ್ವರಗಳನ್ನು ನುಡಿಸುವ ಟ್ವೀಟರಿನ ಧ್ವನಿ ಮಂಕಾಗುತ್ತದೆ. ಅವೂ ಬಿಡಿಯಾಗಿ ದೊರೆಯುವ, ಬೆಸುಗೆ ಹಾಕಿ ಕೂರಿಸಬಹುದಾದ ಭಾಗಗಳೇ. ವಾಲ್ಯೂಮ್ ತಿರುಗಿಸಿದಾಗ ಬರುವ ಚರಚರ ಸದ್ದಂತೂ ಸ್ಪೀಕರಿನ ದೋಷವೇ ಅಲ್ಲ. ಸ್ಪೀಕರಿಗೆ ಶಕ್ತಿ ಒದಗಿಸುವ ಆಂಪ್ಲಿಫಯರಿನ ತಿರುಗುಗುಂಡಿಯೊಳಗೆ ಕೂತ ಧೂಳು ಅದು. ಇಷ್ಟಕ್ಕಾಗಿ ಜೋಡಿ ಸ್ಪೀಕರನ್ನೇ ಗುಜರಿಯವನಿಗೆ ತೂಕಕ್ಕೆ ಹಾಕಿದವರು ನನ್ನ ಪರಿಚಯದಲ್ಲೇ ಇದ್ದಾರೆ.

ಇನ್ನು ವ್ಯಾಟ್. ಈ ಒಂದು ಅಂಕಿಯ ಹೆಸರಿನಲ್ಲಿ ನಡೆಯುವಷ್ಟು ಉತ್ಪ್ರೇಕ್ಷೆ ಗೃಹೋಪಯೋಗಿ ವಸ್ತುಗಳ ಮಾರುಕಟ್ಟೆಯಲ್ಲಿ ಬೇರೆ ಯಾವುದರಲ್ಲೂ ನಡೆಯಲಾರದು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗುವ ಪಿಎಂಪಿಒ ಎಂಬ ಅಳತೆಗೆ ಎಲ್ಲರೂ ಒಪ್ಪಿದ ವ್ಯಾಖ್ಯೆಯೇ ಇಲ್ಲ. ತಯಾರಕರು ತಮಗೆ ತೋಚಿದ ಲೆಕ್ಕದಿಂದ 2,000 ಎಂದೋ 5,000 ಎಂದೋ ಬರೆದುಕೊಳ್ಳುತ್ತಾರೆ. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ. ಸೆಟ್ಟಿನ ಹಿಂಬದಿಯಲ್ಲಿ 230 ವೋಲ್ಟ್, 50 ಹರ್ಟ್ಸ್ ಎಂದಿರುವ ಚೀಟಿಯಲ್ಲೇ ಅದು ಗೋಡೆಯ ಪ್ಲಗ್ಗಿನಿಂದ ಎಷ್ಟು ವ್ಯಾಟ್ ಎಳೆಯುತ್ತದೆ ಎಂಬುದೂ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ 60 ವ್ಯಾಟ್ ಎಂದಿದ್ದರೆ ಆ ಸೆಟ್ಟು ಒಂದೇ ಸಮನೆ 60 ವ್ಯಾಟಿಗಿಂತ ಹೆಚ್ಚನ್ನು ಹೊರಗೆ ಕೊಡಲಾರದು. ಒಳಗೆ ಶಾಖವಾಗಿ ಹೋಗುವುದನ್ನು ಕಳೆದರೆ ಸಿಗುವುದು ಅದಕ್ಕೂ ಕಡಿಮೆಯೇ. ಶಕ್ತಿಸಂರಕ್ಷಣೆಯ ನಿಯಮಕ್ಕೆ ಹಬ್ಬದ ರಿಯಾಯಿತಿ ಅನ್ವಯಿಸುವುದಿಲ್ಲ. ಗ್ರಾಹಕರು ಕೇಳಬೇಕಾದದ್ದು ಆರ್‌ಎಂಎಸ್ ಎಂದು ಸೂಚಿಸುವ ನಿರಂತರ ಸಾಮರ್ಥ್ಯವನ್ನು, ಅದೂ ಎಷ್ಟು ಓಮಿನ ಸ್ಪೀಕರಿಗೆ ಎಂಬ ವಿವರದೊಡನೆ; ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ.

ನಿಜವಾದ ವ್ಯಾಟ್ ಆದರೂ ನಮಗೆ ಎಷ್ಟು ಬೇಕು? ಸ್ಪೀಕರಿಗೆ ಸೆನ್ಸಿಟಿವಿಟಿ ಎಂಬ ಇನ್ನೊಂದು ಅಳತೆ ಇದೆ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಧ್ವನಿ ಬರುತ್ತದೆ ಎಂಬುದು ಅದರ ಅರ್ಥ. ಸಾಧಾರಣವಾದೊಂದು ಪೆಟ್ಟಿಗೆಯಲ್ಲಿ ಇದು 87ರ ಆಸುಪಾಸಿನಲ್ಲಿರುತ್ತದೆ. ಅಂಥ ಎರಡು ಪೆಟ್ಟಿಗೆಗಳಿಗೆ ಒಂದೊಂದೇ ವ್ಯಾಟ್ ಕೊಟ್ಟು 3 ಮೀಟರ್ ದೂರದ ಕುರ್ಚಿಯಲ್ಲಿ ಕೂತರೂ 80 ಡೆಸಿಬಲ್ ದಾಟುತ್ತದೆ. ನಾವು ಎದುರುಬದುರು ಕೂತು ಮಾತಾಡುವುದು ಸುಮಾರು 60 ಡೆಸಿಬಲ್‌ನಲ್ಲಿ ಎಂಬುದನ್ನು ನೆನೆದರೆ, ಸಂಜೆ ಕಾಫಿ ಕುಡಿಯುತ್ತ ಕೇಳುವ ಸಂಗೀತಕ್ಕೆ ಒಂದು ವ್ಯಾಟೂ ಖರ್ಚಾಗುವುದಿಲ್ಲ ಎಂದು ತಿಳಿಯುತ್ತದೆ. ಮೃದಂಗದ ಒಂದು ಬಿರುಸಾದ ಪೆಟ್ಟು ಬಿದ್ದಾಗ ಕ್ಷಣಮಾತ್ರ ಹಲವು ಪಟ್ಟು ಹೆಚ್ಚು ಬೇಕಾಗುತ್ತದೆ, ಅದಕ್ಕಾಗಿ ಒಂದಿಷ್ಟು ಮೀಸಲು ಇರಬೇಕು ಎಂಬುದನ್ನೂ ಹೇಳಬೇಕು. ಆದರೆ ಆ ಮೀಸಲಿಗೆ 30-40 ವ್ಯಾಟಿನ ಒಳ್ಳೆಯ ಆಂಪ್ಲಿಫಯರ್ ಸಾಕು. 50 ವ್ಯಾಟಿನಿಂದ 100 ವ್ಯಾಟಿಗೆ ಏರಿದರೆ ದೊರೆಯುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು 10 ಡೆಸಿಬಲ್, ಎಂದರೆ ಹತ್ತುಪಟ್ಟು ವ್ಯಾಟ್ ಬೇಕು. ಅದೇ 84 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರಿನ ಜಾಗದಲ್ಲಿ 90ರದನ್ನು ಇಟ್ಟರೆ, 25 ವ್ಯಾಟಿನ ಆಂಪ್ಲಿಫಯರ್ ಮೊದಲು 100 ವ್ಯಾಟ್ ಮಾಡುತ್ತಿದ್ದ ಕೆಲಸವನ್ನು ಮಾಡುತ್ತದೆ. ಜಾಹೀರಾತುಗಳಲ್ಲಿ ಈ ಅಂಕಿಯನ್ನು ಹುಡುಕಿದರೂ ಸಿಗುವುದಿಲ್ಲ. ಅಷ್ಟು ಜೋರಾಗಿ ಕೇಳಲೇಬೇಕೆನ್ನುವವರು 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರ ನಂತರ 45 ಡೆಸಿಬಲ್ ಎಂದು ಗೊತ್ತುಪಡಿಸಿರುವುದನ್ನೂ ಪಕ್ಕದ ಮನೆಯವರನ್ನೂ ಒಮ್ಮೆ ನೆನೆಯುವುದು ಒಳ್ಳೆಯದು.

ಈಗ ಕೋಣೆ. ನನ್ನ ಪತ್ರದ ಮುಖ್ಯ ಮಾತು ಇರುವುದು ಇಲ್ಲಿ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸದಾಗಿ ಕಟ್ಟಿದ ಉಪನ್ಯಾಸ ಭವನದಲ್ಲಿ ಅಧ್ಯಾಪಕರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಪದವೊಂದು ಐದಾರು ಸೆಕೆಂಡ್ ಅಲ್ಲೇ ಸುಳಿದಾಡಿ ಮುಂದಿನ ಪದಗಳ ಮೇಲೆ ಬೀಳುತ್ತಿತ್ತು. ವಾಲೆಸ್ ಸೇಬೈನ್ ಎಂಬ ಯುವ ಭೌತಶಾಸ್ತ್ರಜ್ಞರಿಗೆ ಇದನ್ನು ಸರಿಪಡಿಸುವ ಕೆಲಸ ಒಪ್ಪಿಸಿದರು. ಅವರು ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ತರಿಸಿ, ಒಂದಿಷ್ಟು ಹರಡಿ, ಧ್ವನಿ ಅಡಗಲು ಹಿಡಿಯುವ ಕಾಲವನ್ನು ಅಳೆದು, ಇನ್ನಷ್ಟು ಹರಡಿ, ಮತ್ತೆ ಅಳೆದು, ಬೆಳಗಾಗುವುದರೊಳಗೆ ಅವನ್ನು ಸ್ವಸ್ಥಾನಕ್ಕೆ ಸೇರಿಸುತ್ತಿದ್ದರು. ಕೋಣೆಯ ಗಾತ್ರ ಮತ್ತು ಅದರೊಳಗಿನ ಮೃದು ವಸ್ತುಗಳ ಪ್ರಮಾಣ ಇವೆರಡರಿಂದ ಪ್ರತಿಧ್ವನಿಯ ಕಾಲವನ್ನು ಲೆಕ್ಕಹಾಕುವ ಸೂತ್ರ ಹುಟ್ಟಿದ್ದು ಈ ಕೆಲಸದಿಂದ. ಭವನ ಸುಧಾರಿಸಿತು. ಭಾಷಣಕಾರರನ್ನು ಯಾರೂ ಬದಲಿಸಬೇಕಾಗಲಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಮಂಗಳೂರು ಹೆಂಚು, ಅದರ ಕೆಳಗೆ ಮರದ ತೊಲೆ ಮತ್ತು ರೀಪು, ಉಬ್ಬುತಗ್ಗಿನ ಮಣ್ಣಿನ ಗೋಡೆ, ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ, ಗಳುವಿನ ಮೇಲೆ ಬಟ್ಟೆ. ಧ್ವನಿಯನ್ನು ಚದುರಿಸಲು ಮತ್ತು ಹೀರಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿರಲಿಲ್ಲ. ಆ ಮನೆಗಳಲ್ಲಿ ಸಣ್ಣ ಟೇಪ್‌ರೆಕಾರ್ಡರೂ ಹಿತವಾಗಿ ಕೇಳಿಸುತ್ತಿದ್ದುದು ಹಳೆಯ ಕಾಲದ ಮೇಲಿನ ಮೋಹದಿಂದಷ್ಟೇ ಅಲ್ಲ. ಈಗ ಹಾಸನದ ಹೊಸ ಬಡಾವಣೆಗಳಲ್ಲಿ ಏಳುತ್ತಿರುವ ಮನೆಗಳ ನಡುಮನೆಗೆ ಕಾಲಿಟ್ಟರೆ ಕೆಳಗೆ ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಎದುರುಬದುರಿಗೆ ನುಣ್ಣಗಿನ ಬರಿಗೋಡೆ, ಒಂದು ಕಡೆ ಗೋಡೆಯಗಲದ ಗಾಜು. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದು ಝಣ್ಣೆಂದು ಗೋಡೆಯಿಂದ ಗೋಡೆಗೆ ಓಡಾಡುವುದು ಕೇಳುತ್ತದೆ. ಅಂಥ ಕೋಣೆಯಲ್ಲಿ ಎಷ್ಟು ಲಕ್ಷದ ಸ್ಪೀಕರ್ ಇಟ್ಟರೂ ಸ್ವರದ ಮೇಲೆ ಸ್ವರ ಬಿದ್ದು ಕಲಸಿಹೋಗುತ್ತದೆ, ಸಾಹಿತ್ಯ ತಿಳಿಯುವುದಿಲ್ಲ. ಕೇಳುವವರು ವಾಲ್ಯೂಮ್ ಏರಿಸುತ್ತಾರೆ, ಅದರಿಂದ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ದಪ್ಪನೆಯ ಜಮಖಾನ, ನೆಲ ಮುಟ್ಟುವ ಪರದೆ, ಬಟ್ಟೆಯ ಸೋಫಾ, ಪುಸ್ತಕ ತುಂಬಿದ ಕಪಾಟು ಇವು ಮಾಡುವ ವ್ಯತ್ಯಾಸವನ್ನು ಕೇಳಿಯೇ ನಂಬಬೇಕು.

ಮಂದ್ರದ ಸಮಸ್ಯೆ ಮಾತ್ರ ಜಮಖಾನಕ್ಕೆ ಬಗ್ಗುವುದಿಲ್ಲ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 12 ಅಡಿ, ಎಂದರೆ 3.66 ಮೀಟರ್ ಅಂತರದ ಎರಡು ಗೋಡೆಗಳ ನಡುವೆ ಸೆಕೆಂಡಿಗೆ 47 ಕಂಪನದ, ಎಂದರೆ 47 ಹರ್ಟ್ಸ್‌ನ ಆಸುಪಾಸಿನ ಸ್ವರ ತಾನೇ ತಾನಾಗಿ ಕಟ್ಟಿಕೊಂಡು ಮೊಳಗುತ್ತದೆ. ಕೋಣೆ 12ಕ್ಕೆ 12 ಅಡಿಯ ಚೌಕವಾಗಿದ್ದರೆ ಎರಡು ಜೊತೆ ಗೋಡೆಗಳೂ ಅದೇ ಸ್ವರವನ್ನು ಎತ್ತಿಕೊಡುತ್ತವೆ. ಸ್ಪೀಕರನ್ನು ಮೂಲೆಗೆ ನೂಕಿದಾಗ ಈ ಗುಂಯ್‌ಗುಡುವಿಕೆ ತೀರ ಹೆಚ್ಚುತ್ತದೆ. ಅದನ್ನು ಕೇಳಿ ವೂಫರ್ ಕೆಟ್ಟಿದೆ ಎಂದು ಭಾವಿಸುವವರೂ ಉಂಟು, ಇದೇ ಒಳ್ಳೆಯ ಬಾಸ್ ಎಂದು ಹಿಗ್ಗುವವರೂ ಉಂಟು. ಪೆಟ್ಟಿಗೆಯನ್ನು ಹಿಂಗೋಡೆಯಿಂದ ಎರಡು ಅಡಿ ಮುಂದಕ್ಕೆ ತಂದು, ಮೂಲೆಯಿಂದ ದೂರ ಸರಿಸಿ, ಕೂರುವ ಕುರ್ಚಿಯನ್ನೂ ಗೋಡೆಗೆ ಒರಗಿಸದೆ ಇಟ್ಟರೆ ಹೆಚ್ಚಿನ ಭಾಗ ತಾನಾಗಿ ಇಳಿಯುತ್ತದೆ.

ಸ್ಟೀರಿಯೊ ಎಂಬ ಉಪಾಯವೇ ಜಾಗವನ್ನು ಅವಲಂಬಿಸಿದ್ದು. ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ 1931ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದಾಗ ಅವರ ಉದ್ದೇಶ ಎರಡು ಸ್ಪೀಕರುಗಳಿಂದ ಹಾಡುಗಾರರು ಇಂಥ ಕಡೆ ಕೂತಿದ್ದಾರೆ ಎಂಬ ಭಾವನೆಯನ್ನು ಕಿವಿಗೆ ಉಂಟುಮಾಡುವುದಾಗಿತ್ತು. ಎರಡು ಪೆಟ್ಟಿಗೆಗಳು ಮತ್ತು ಕೇಳುವವರು ಒಂದು ಸಮಭುಜ ತ್ರಿಕೋನದ ಮೂರು ಮೂಲೆಗಳಲ್ಲಿದ್ದು, ಟ್ವೀಟರ್ ಕಿವಿಯ ಎತ್ತರದಲ್ಲಿದ್ದರೆ, ಗಾಯಕರು ನಡುವೆ, ಪಿಟೀಲು ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ ಎಂದು ಬಿಡಿಬಿಡಿಯಾಗಿ ತೋರುತ್ತದೆ. ನಮ್ಮ ಮನೆಗಳಲ್ಲಿ ಒಂದು ಪೆಟ್ಟಿಗೆ ಷೋಕೇಸಿನ ಮೇಲೆ ಹೋಗಿ ಸೂರಿಗೆ ಹಾಡುತ್ತಿರುತ್ತದೆ, ಇನ್ನೊಂದು ಸೋಫಾದ ಹಿಂದೆ ಸೇರಿಕೊಂಡಿರುತ್ತದೆ; ನಡುವೆ ಗಣಪತಿಯ ಫೋಟೊ, ಹೂದಾನಿ, ಮಕ್ಕಳ ಬಹುಮಾನದ ಕಪ್ಪುಗಳು. ಮನೆಯ ಅಲಂಕಾರ ಬೇಡವೆಂದು ಹೇಳುತ್ತಿಲ್ಲ. ಆದರೆ ಹೀಗಿಟ್ಟವರು ಸ್ಪೀಕರ್ ಬದಲಿಸಿ ಹೊಸದನ್ನೂ ಅದೇ ಜಾಗದಲ್ಲಿ ಕೂರಿಸುವುದಾದರೆ ಹಣ ಕೊಟ್ಟು ಹಳೆಯ ಧ್ವನಿಯನ್ನೇ ಮರಳಿ ತಂದಂತಾಗುತ್ತದೆ.

ಜಾಗದ ಜೊತೆಗೆ ತಂತಿಯನ್ನೂ ನೋಡಬೇಕು. ಎರಡರಲ್ಲಿ ಒಂದು ಸ್ಪೀಕರಿನ ಕೆಂಪು ಕರಿ ತಂತಿಗಳು ಅದಲುಬದಲಾಗಿದ್ದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿಯುತ್ತದೆ. ಮಂದ್ರಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಗಾಯಕರು ಎಲ್ಲಿದ್ದಾರೆಂದೇ ತಿಳಿಯದಂತಾಗುತ್ತದೆ. ಮನೆಗೆ ಸುಣ್ಣಬಣ್ಣ ಮಾಡಿಸಿ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಸೆಟ್ಟು ಮೊದಲಿನ ಹಾಗೆ ಇಲ್ಲ ಎಂದು ದೂರುವವರಲ್ಲಿ ಇದು ಬಹಳ ಸಾಮಾನ್ಯ. ಆಂಪ್ಲಿಫಯರಿನಿಂದ ತಂತಿ ಬಿಚ್ಚಿ, ಆ ತುದಿಗಳಿಗೆ ಒಂದೂವರೆ ವೋಲ್ಟಿನ ಪೆನ್‌ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿದರೆ ವೂಫರ್ ಮುಂದಕ್ಕೋ ಹಿಂದಕ್ಕೋ ಜಿಗಿಯುತ್ತದೆ. ಕೆಂಪು ತಂತಿಗೆ ಸೆಲ್ಲಿನ ಧನಾಗ್ರ ತಾಗಿಸಿದಾಗ ಎರಡು ಪೆಟ್ಟಿಗೆಗಳಲ್ಲೂ ಕೋನ್ ಒಂದೇ ದಿಕ್ಕಿಗೆ ಹೋಗಬೇಕು. ಮಳೆಗಾಲದ ತೇವಕ್ಕೆ ತಂತಿಯ ತುದಿ ಹಸಿರುಗಟ್ಟಿದ್ದರೆ ಅಷ್ಟನ್ನು ಕತ್ತರಿಸಿ, ಹೊಸದಾಗಿ ಸುಲಿದು ಬಿಗಿಯಬೇಕು. ಮೀಟರಿಗೆ ಸಾವಿರಾರು ರೂಪಾಯಿಯ ವಿಶೇಷ ತಂತಿ ಬೇಕೆನ್ನುವ ಮಾತನ್ನು ನಂಬಬೇಕಾಗಿಲ್ಲ. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 7.4 ಓಮ್, 5 ಮೀಟರ್ ದೂರಕ್ಕೆ ಹೋಗಿಬರುವ ಎರಡು ಎಳೆ ಸೇರಿ 0.074 ಓಮ್ ಆಗುತ್ತದೆ. 8 ಓಮಿನ ಸ್ಪೀಕರಿನ ಮುಂದೆ ಅದು ಲೆಕ್ಕಕ್ಕಿಲ್ಲ. ಮೊಬೈಲಿನಿಂದ ಹಾಡು ಕೇಳುವವರು ಆ್ಯಪಿನಲ್ಲಿ ಧ್ವನಿಯ ಗುಣವನ್ನು ತಗ್ಗಿಸುವ ಕಡಿಮೆ ಡೇಟಾದ ಆಯ್ಕೆ ಇದ್ದರೆ ಅದನ್ನು ಬದಲಿಸಿ ನೋಡಲಿ, ಅದಕ್ಕೆ ಹೊಸ ಉಪಕರಣ ಬೇಕಿಲ್ಲ.

ನಾವು ಏನನ್ನು ಕೇಳುತ್ತೇವೆ ಎಂಬುದೂ ತೀರ್ಮಾನದ ಒಂದು ಭಾಗ. ಕಾವೇರಿ ದಡದ ರುದ್ರಪಟ್ಟಣ ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನದು. 1920ರಲ್ಲಿ ಅಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ಅವರು ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ 2011ರಲ್ಲಿ ಪದ್ಮಭೂಷಣ ಪಡೆದವರು. ಇಂಥ ಹಿರಿಯರ ಗಾಯನ, ವೀಣೆ, ಭಾವಗೀತೆ, ಹಳೆಯ ಚಿತ್ರಗೀತೆ ಇವೇ ಮನೆಯ ಬಹುಪಾಲು ಕೇಳ್ಮೆಯಾಗಿದ್ದರೆ 30 ಹರ್ಟ್ಸ್‌ವರೆಗೆ ಇಳಿಯುವ, ಮಂದ್ರಕ್ಕೇ ಮೀಸಲಾದ ಸಬ್‌ವೂಫರಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಾರ್ಮೋನಿಯಂನ ಬಿಳಿಯ ಒಂದನೇ ಮನೆಯನ್ನು ಷಡ್ಜವಾಗಿಟ್ಟು ಹಾಡುವ ಗಾಯಕರ ತಂಬೂರಿಯ ಮಂದ್ರ ಷಡ್ಜದ ತಂತಿಯೂ ಸುಮಾರು 65 ಹರ್ಟ್ಸ್‌ನಲ್ಲಿರುತ್ತದೆ. 8 ಅಂಗುಲದ ಸಾಧಾರಣ ವೂಫರ್ ಅದನ್ನು ನುಡಿಸಬಲ್ಲದು. ಆಕಾಶವಾಣಿಯ ಹಳೆಯ ಧ್ವನಿಮುದ್ರಣಗಳೂ 1960ರ ದಶಕದ ಚಿತ್ರಗೀತೆಗಳೂ ಬಹುಮಟ್ಟಿಗೆ ಮೊನೊದಲ್ಲೇ, ಎಂದರೆ ಎಡ ಬಲವೆಂಬ ಭೇದವಿಲ್ಲದೆ ದಾಖಲಾದವು. ಮೂಲದಲ್ಲಿಲ್ಲದ ಅಗಲವನ್ನು ಯಾವ ಸ್ಪೀಕರೂ ಕೊಡಲಾರದು. ಎತ್ತರದ ಕಂಪನಾಂಕಗಳ ವಿಚಾರದಲ್ಲಿಯೂ ವಿವೇಕ ಬೇಕು. 20,000 ಹರ್ಟ್ಸ್‌ವರೆಗೆ ನುಡಿಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರಬಹುದು, ಎಫ್‌ಎಂ ಪ್ರಸಾರ 15,000ದ ಹತ್ತಿರ ನಿಲ್ಲುತ್ತದೆ, ಅರುವತ್ತು ದಾಟಿದ ನಮ್ಮಲ್ಲಿ ಹೆಚ್ಚಿನವರ ಕಿವಿ ಅದಕ್ಕೂ ಮೊದಲೇ ನಿಂತಿರುತ್ತದೆ.

ಸ್ಪೀಕರಿನ ಗುಣವನ್ನು ಅಳೆಯಲು ನಾನು ಎಲ್ಲರಿಗೂ ಸೂಚಿಸುವ ಪರೀಕ್ಷೆ ಸಂಗೀತದ್ದಲ್ಲ, ಮಾತಿನದು. ಆಕಾಶವಾಣಿ ಹಾಸನದ 102.2 ಎಫ್‌ಎಂ ಹಾಕಿ, ಮಾತಾಡುವವರ ಧ್ವನಿಯನ್ನು ಕಣ್ಣುಮುಚ್ಚಿ ಕೇಳಬೇಕು. ಮನುಷ್ಯರ ದನಿ ಹೇಗಿರುತ್ತದೆಂದು ಎಲ್ಲರ ಕಿವಿಗೂ ಗೊತ್ತು. ಡಬ್ಬದೊಳಗಿನಿಂದ ಬಂದಂತೆ, ನೆಗಡಿಯಾದವರು ಮಾತಾಡಿದಂತೆ, ಅಥವಾ ಸಕಾರವೆಲ್ಲ ಕಿವಿಗೆ ಚುಚ್ಚಿದಂತೆ ಕೇಳಿಸಿದರೆ ದೋಷವಿದೆ. ಜಾಗ ಬದಲಿಸಿದ ಮೇಲೂ ಆ ದೋಷ ಹೋಗದಿದ್ದರೆ ಅದು ಸ್ಪೀಕರಿನದೇ.

ಬದಲಿಸಲೇಬೇಕಾದ ಸಂದರ್ಭಗಳೂ ಇವೆ ಎಂಬುದನ್ನು ಒಪ್ಪುತ್ತೇನೆ. ಪಾರ್ಟಿಕಲ್ ಬೋರ್ಡಿನ ಪೆಟ್ಟಿಗೆ ತೇವಕ್ಕೆ ಉಬ್ಬಿ ಕೂಡುಗಳು ಬಿಟ್ಟುಕೊಂಡಿದ್ದರೆ ಅದನ್ನು ರಿಪೇರಿ ಮಾಡಿಸುವುದು ವ್ಯರ್ಥ. ಸುರುಳಿ ಸುಟ್ಟುಹೋಗಿ ಅದೇ ಅಳತೆಯ ಬದಲಿ ದೊರೆಯದಿದ್ದರೆ, ಒಂದು ಪೆಟ್ಟಿಗೆಗೆ ಮಾತ್ರ ಬೇರೆ ವೂಫರ್ ಹಾಕಿ ಜೋಡಿಯನ್ನು ಕೆಡಿಸುವುದಕ್ಕಿಂತ ಹೊಸ ಜೋಡಿ ತರುವುದು ಮೇಲು. ಅಂಗೈಯಗಲದ ಎರಡು ಪ್ಲಾಸ್ಟಿಕ್ ಡಬ್ಬಿ ಮತ್ತು ಒಂದು ಬಾಸ್ ಪೆಟ್ಟಿಗೆಯ ಅಗ್ಗದ ಸೆಟ್ಟುಗಳಲ್ಲಿ ಡಬ್ಬಿಗಳು ತಗ್ಗಿನ ಸ್ವರಗಳಿಗೆ ಇಳಿಯಲಾರವು, ಬಾಸ್ ಪೆಟ್ಟಿಗೆ ಎತ್ತರದ ಸ್ವರಗಳಿಗೆ ಏರಲಾರದು. ಗಂಡುದನಿಯ ಮುಖ್ಯ ಭಾಗ ಬೀಳುವುದು ಆ ನಡುವಿನ ಕಂದರದಲ್ಲಿ. ಅದನ್ನು ಬಿಟ್ಟು ಎರಡು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರುಗಳಿಗೆ ಹೋಗುವವರು ಕೊಟ್ಟ ಹಣಕ್ಕೆ ಮರುಗುವುದಿಲ್ಲ. ಇಡೀ ಸೆಟ್ಟಿನಲ್ಲಿ ಧ್ವನಿಯ ಗುಣವನ್ನು ಅತಿ ಹೆಚ್ಚು ನಿರ್ಧರಿಸುವ ವಸ್ತು ಸ್ಪೀಕರೇ ಆದ್ದರಿಂದ, ಖರ್ಚು ಮಾಡುವುದೇ ನಿಜವಾದರೆ ಆಂಪ್ಲಿಫಯರಿಗೋ ತಂತಿಗೋ ಮಾಡುವುದಕ್ಕಿಂತ ಅದಕ್ಕೆ ಮಾಡುವುದು ಸರಿ. 8 ಓಮಿಗೆಂದು ಮಾಡಿದ ಹಳೆಯ ಆಂಪ್ಲಿಫಯರಿಗೆ 4 ಓಮಿನ ಹೊಸ ಸ್ಪೀಕರ್ ಜೋಡಿಸಿದರೆ ಅದು ಕಾದು ಕೆಡಬಹುದೆಂಬುದನ್ನು ಮಾತ್ರ ಮರೆಯಬಾರದು.

ಅಂಗಡಿಯಲ್ಲಿ ಕೇಳಿ ಆರಿಸುವಾಗ ಕಿವಿಯ ಒಂದು ದೌರ್ಬಲ್ಯವನ್ನು ತಿಳಿದಿರಬೇಕು: ಎರಡರಲ್ಲಿ ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಅದು ತೀರ್ಪು ಕೊಡುತ್ತದೆ. ಒಂದೇ ಡೆಸಿಬಲ್‌ನ ವ್ಯತ್ಯಾಸ ಜೋರಿನ ವ್ಯತ್ಯಾಸವೆಂದು ಹೊಳೆಯುವುದೇ ಇಲ್ಲ, ಗುಣದ ವ್ಯತ್ಯಾಸವೆಂದು ತೋರುತ್ತದೆ. ಮಾರುವವರಿಗೆ ಇದು ಗೊತ್ತು. ಆದ್ದರಿಂದ ಎರಡು ಸ್ಪೀಕರುಗಳ ಮಟ್ಟವನ್ನೂ ಸರಿಸಮ ಮಾಡಿಸಿ, ಅವರ ಢಂಢಂ ಹಾಡನ್ನು ಬಿಟ್ಟು ತಮಗೆ ಚೆನ್ನಾಗಿ ಪರಿಚಯವಿರುವ ಧ್ವನಿಮುದ್ರಣವನ್ನು ಕೊಂಡೊಯ್ದು, ಯಾವುದು ನುಡಿಯುತ್ತಿದೆ ಎಂದು ನೋಡದೆ ಕೇಳಬೇಕು. ಮನೆಗೆ ತಂದು ಕೇಳಿ ಹಿಂದಿರುಗಿಸುವ ಅವಕಾಶ ಕೊಡುವ ಅಂಗಡಿ ಸಿಕ್ಕರೆ ಅದಕ್ಕಿಂತ ಉತ್ತಮವಾದದ್ದಿಲ್ಲ.

ನನ್ನ ಮನೆಯ ಪ್ರಶ್ನೆಯನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿರುವುದು 1980ರ ದಶಕದಲ್ಲಿ ಕೊಂಡ, ಪ್ಲೈವುಡ್ಡಿನ ಎರಡು ಪೆಟ್ಟಿಗೆಗಳು. ‘ಅಪ್ಪ, ಅದನ್ನು ಯಾರಿಗಾದರೂ ಕೊಟ್ಟುಬಿಡಿ, ಒಂದು ಸೌಂಡ್‌ಬಾರ್ ತರೋಣ’ ಎನ್ನುವುದು ಬೆಂಗಳೂರಿನಲ್ಲಿರುವ ಮಗನ ಸಲಹೆ. ಟೀವಿಯ ಸಂಭಾಷಣೆ ಸ್ಪಷ್ಟವಾಗಲು ಸೌಂಡ್‌ಬಾರ್ ಉಪಯುಕ್ತವೇ. ಆದರೆ ಒಂದು ಮೀಟರ್ ಉದ್ದದ ಪಟ್ಟಿಯೊಳಗೆ ಎಡ ಬಲ ಎರಡನ್ನೂ ಇಟ್ಟರೆ 3 ಮೀಟರ್ ದೂರ ಕೂತವರಿಗೆ ಕಛೇರಿಯ ವಿಸ್ತಾರ ಸಿಗುವುದಿಲ್ಲ ಎಂಬುದು ನನ್ನ ತಕರಾರು. ಪರೀಕ್ಷಿಸಿದಾಗ ವೂಫರಿನ ಫೋಮ್ ಬಳೆಗಳು ಜಿಗುಟಾಗಿರುವುದು ಕಂಡಿತು, ಟ್ವೀಟರ್ ಚೆನ್ನಾಗಿದೆ, ಪೆಟ್ಟಿಗೆ ಗಟ್ಟಿಯಾಗಿದೆ. ಆದ್ದರಿಂದ ಬಳೆಗಳನ್ನೂ ಕ್ರಾಸ್‌ಓವರಿನ ಕೆಪಾಸಿಟರುಗಳನ್ನೂ ಬದಲಿಸಿ, ಬಡಗಿಯಿಂದ ಎರಡು ಸ್ಟ್ಯಾಂಡ್ ಮಾಡಿಸಿ, ಉಳಿದ ಹಣದಲ್ಲಿ ನಡುಮನೆಯ ಗಾಜಿಗೆ ದಪ್ಪ ಪರದೆ ಹಾಕಿಸುವುದೆಂದು ತೀರ್ಮಾನಿಸಿದ್ದೇವೆ. ಪರದೆ ಬೇಕೆಂದು ಮನೆಯಾಕೆ ಬಹಳ ಕಾಲದಿಂದ ಕೇಳುತ್ತಿದ್ದರು. ಧ್ವನಿಶಾಸ್ತ್ರವೂ ಅವರ ಪಕ್ಷಕ್ಕೆ ಸೇರಿದ ಮೇಲೆ ನನಗೆ ವಾದಿಸಲು ಏನೂ ಉಳಿಯಲಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಎರಡು. ಪುರವಣಿಯ ಆ ಉತ್ತರಕ್ಕೆ ಒಂದು ತಿದ್ದುಪಡಿಯನ್ನು ಅದೇ ಪುಟದಲ್ಲಿ ಪ್ರಕಟಿಸಬೇಕು. ಹಬ್ಬದ ಬೋನಸ್ಸನ್ನು ಕೈಯಲ್ಲಿ ಹಿಡಿದು ಅದನ್ನು ಓದಿದ ಮನೆಗಳು ಎಷ್ಟೋ ಇರಬಹುದು. ಎರಡನೆಯದಾಗಿ, ಸ್ಪೀಕರುಗಳ ಜಾಹೀರಾತು ಸ್ವೀಕರಿಸುವಾಗ ಆರ್‌ಎಂಎಸ್ ಸಾಮರ್ಥ್ಯ, ಸೆನ್ಸಿಟಿವಿಟಿ, ಎಷ್ಟು ಓಮ್ ಎಂಬ ವಿವರಗಳನ್ನು ಕಡ್ಡಾಯವಾಗಿ ಕೇಳಿ, ಓದಲು ಬರುವ ಅಕ್ಷರದಲ್ಲಿ ಅಚ್ಚುಮಾಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಅಷ್ಟು ದೂರ ಹೋಗುವ ಮೊದಲು ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ಒಂದು ಪ್ರಶ್ನೆ ಕೇಳಿದರೆ ಕೆಲಸ ಆಗಬಹುದು. ಪ್ರಶ್ನೆ ಕಳಿಸಿದ್ದ ಓದುಗರು ತಮ್ಮ ನಡುಮನೆಯ ಉದ್ದ, ಅಗಲ, ಎತ್ತರ, ಸ್ಪೀಕರ್ ಈಗ ಇರುವ ಜಾಗ, ವೂಫರಿನ ಬಳೆ ರಬ್ಬರಿನದೋ ಫೋಮಿನದೋ ಎಂಬುದನ್ನು ತಮ್ಮ ಕಚೇರಿಗೆ ಬರೆದು ತಿಳಿಸಿದರೆ, ಅವರಿಗೆ ಉತ್ತರ ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಅಧ್ಯಾಪಕ,
ಹಾಸನ